ಹಿಸ್ಟರಿ ಅಳಿಸಿದರೂ ಅದೇ ಪದ ಮತ್ತೆ ಮತ್ತೆ ಬರುತ್ತಿದೆ, ಏನು ಮಾಡಲಿ?

ಶರಾವತಿ ದಂಡೆ | ಸೋಮವಾರ, ಬೆಳಿಗ್ಗೆ 10:05

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಬಲ್ಲವರು ದಯವಿಟ್ಟು ಸ್ವಲ್ಪ ಬೇಗ ಉತ್ತರಿಸಿ.

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಹಗಲೆಲ್ಲ ಅದರಲ್ಲಿ ನನ್ನ ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಮಾತ್ರ ಅದು ಅಪ್ಪನದು. ಕಾಫಿ ಕುಡಿದವರೇ ಅದರ ಮುಂದೆ ಕುಳಿತು ಅಡಿಕೆ ಧಾರಣೆ ನೋಡುತ್ತಾರೆ. ಮಾರಲು ಅಡಿಕೆ ಇರಲಿ ಬಿಡಲಿ, ಸಾಗರ, ಶಿವಮೊಗ್ಗ, ಶಿರಸಿ ಮೂರೂ ಕಡೆಯ ರೇಟು ನೋಡದೆ ಅವರಿಗೆ ತಿಂಡಿ ಇಳಿಯುವುದಿಲ್ಲ. ಕ್ರೋಮ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಅಡಿಕೆ ಎಂದು ಟೈಪ್ ಮಾಡುತ್ತಾರೆ. ಎ, ಡಿ, ಐ, ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರಕ್ಕೂ ತಲೆಯೆತ್ತಿ ಪರದೆ ನೋಡುತ್ತ.

ಹದಿನೈದು ದಿನದ ಹಿಂದೆ ಅವರ ಬಯಾಪ್ಸಿ ವರದಿ ಬಂತು. ದೊಡ್ಡ ಕರುಳಿನದು. ಅದರಲ್ಲಿದ್ದ ಪದ ಅಡಿನೋಕಾರ್ಸಿನೋಮಾ, ಒಂದು ಬಗೆಯ ಕ್ಯಾನ್ಸರ್. ಸ್ಕ್ಯಾನ್ ಆಗಿ ಎಷ್ಟು ಹರಡಿದೆ ಎಂದು ತಿಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೇಳೋಣ ಎಂದು ಡಾಕ್ಟರೂ ಅಣ್ಣನೂ ಮಾತಾಡಿಕೊಂಡಿದ್ದಾರೆ. ಅಲ್ಲಿಯವರೆಗೆ 'ಸಣ್ಣ ಗಡ್ಡೆ, ತೆಗೆಸಬೇಕು' ಎಂದಷ್ಟೇ ಅಪ್ಪನಿಗೆ ಗೊತ್ತು. ವರದಿ ಬಂದ ರಾತ್ರಿ ನಾನು ಇದೇ ಕಂಪ್ಯೂಟರಿನಲ್ಲಿ ಆ ಪದವನ್ನು ಹುಡುಕಿದೆ. ಎಷ್ಟು ಸಲವೋ ಲೆಕ್ಕವಿಲ್ಲ.

ಈಗ 'ಎ, ಡಿ' ಎಂದು ಎರಡು ಅಕ್ಷರ ಒತ್ತಿದರೆ ಸಾಕು, ಕೆಳಗೆ ಮೊದಲ ಸಲಹೆಯಾಗಿ ಆ ಪದವೇ ಬರುತ್ತದೆ. ಅಪ್ಪ ಸಹಕಾರ ಸಂಘದಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಇಂಗ್ಲಿಷ್ ಚೆನ್ನಾಗಿ ಓದುತ್ತಾರೆ.

ಕಂಟ್ರೋಲ್, ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಹಿಸ್ಟರಿ ಅಳಿಸಿದೆ. ಹಿಸ್ಟರಿ ಪುಟ ತೆರೆದರೆ ಖಾಲಿ. ಪದ ಮಾತ್ರ ಬರುತ್ತಲೇ ಇದೆ. ಮೊನ್ನೆ ಸಂಜೆ ಆ ಸಲಹೆಯನ್ನೇ ಅಳಿಸಿದೆ, ಹೋಯಿತು. ನಿನ್ನೆ ಬೆಳಿಗ್ಗೆ ನೋಡಿದರೆ ಮತ್ತೆ ಹಾಜರು. ಓಡಿಸಿದ ಬೆಕ್ಕು ಹಿತ್ತಲ ಬಾಗಿಲಿಂದ ಬಂದು ಕುಳಿತಂತೆ.

ಒಂದೇ ಸಾಲು | 10:09

ಹಿಸ್ಟರಿ ಉಳಿಸದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಹುಡುಕಬೇಕಿತ್ತು.

ಕುತರ್ಕಿ | 10:11

ಮಳೆ ನಿಂತ ಮೇಲೆ ಕೊಡೆ ತಂದುಕೊಟ್ಟಿರಿ, ಧನ್ಯವಾದ.

ಹಳೇ ಕೀಬೋರ್ಡ್ | 10:26

ದಂಡೆ ಅವರೇ, ಗಾಬರಿ ಬೇಡ. ಮೊದಲು ಒಂದು ಪ್ರಶ್ನೆ. ಅಳಿಸುವಾಗ ಬಂದ ಪೆಟ್ಟಿಗೆಯಲ್ಲಿ ಕಾಲಾವಧಿ ಏನಿತ್ತು? ಅದು ತಾನಾಗಿ 'ಕಳೆದ ಒಂದು ಗಂಟೆ' ಎಂದೋ 'ಹದಿನೈದು ನಿಮಿಷ' ಎಂದೋ ಇರುತ್ತದೆ. ಮೇಲಿರುವ ಆ ಸಣ್ಣ ಪಟ್ಟಿಯನ್ನು ಯಾರೂ ನೋಡುವುದಿಲ್ಲ, ನೇರ ಕೆಳಗಿನ ನೀಲಿ ಗುಂಡಿಗೆ ಹೋಗುತ್ತಾರೆ. ಒಂದು ಗಂಟೆಯದು ಮಾತ್ರ ಹೋಗುತ್ತದೆ, ಹದಿನೈದು ದಿನದ ಹಿಂದಿನದು ಕುಳಿತೇ ಇರುತ್ತದೆ. 'ಎಲ್ಲ ಸಮಯ' ಎಂದು ಬದಲಿಸಬೇಕು.

ಶರಾವತಿ ದಂಡೆ | 10:31

ಮೊದಲ ಸಲ ಒಂದು ಗಂಟೆಯದೇ ಇತ್ತು, ಒಪ್ಪುತ್ತೇನೆ. ಎರಡನೇ ಸಲ ನೋಡಿಯೇ 'ಎಲ್ಲ ಸಮಯ' ಮಾಡಿದ್ದೇನೆ. ಪುಟ ಖಾಲಿ ಇದೆ ಎಂದೆನಲ್ಲ.

ಹಳೇ ಕೀಬೋರ್ಡ್ | 10:48

ಸರಿ, ಹಾಗಾದರೆ ಅದು ಕಂಪ್ಯೂಟರಿನಲ್ಲಿ ಇಲ್ಲ. ಆ ಸಲಹೆಯ ಎಡಕ್ಕೆ ಒಂದು ಪುಟ್ಟ ಚಿತ್ರ ಇರುತ್ತದೆ, ಅದನ್ನು ನೋಡಿ. ನಕ್ಷತ್ರವಾದರೆ ನೀವು ಯಾವುದೋ ಪುಟವನ್ನು ಬುಕ್‌ಮಾರ್ಕ್ ಮಾಡಿದ್ದೀರಿ ಎಂದರ್ಥ, ಹಿಸ್ಟರಿ ಅಳಿಸಿದರೆ ಬುಕ್‌ಮಾರ್ಕ್ ಹೋಗುವುದಿಲ್ಲ. ಬರೀ ಭೂತಗನ್ನಡಿಯಾದರೆ ಊರವರೆಲ್ಲ ಹುಡುಕುವುದನ್ನು ನೋಡಿ ಗೂಗಲ್ ಕೊಟ್ಟ ಸಲಹೆ. ಗಡಿಯಾರವಾದರೆ 'ಇದನ್ನು ನೀವೇ ಹಿಂದೆ ಹುಡುಕಿದ್ದೀರಿ' ಎಂದು.

ನಿಮ್ಮದು ಗಡಿಯಾರವೇ ಇರಬೇಕು. ಬ್ರೌಸರ್ ಹಿಸ್ಟರಿ ಬೇರೆ, ಗೂಗಲ್ ಖಾತೆಯ ಹುಡುಕಾಟದ ಹಿಸ್ಟರಿ ಬೇರೆ. ಮೊದಲನೆಯದು ನಿಮ್ಮ ಯಂತ್ರದ ಒಂದು ಫೈಲ್. ಎರಡನೆಯದು ನೀವು ಲಾಗಿನ್ ಆಗಿರುವ ಖಾತೆಯ ಹೆಸರಿನಲ್ಲಿ ಗೂಗಲ್ ಬಳಿ ಇರುತ್ತದೆ. ಕಂಟ್ರೋಲ್, ಶಿಫ್ಟ್, ಡಿಲೀಟ್ ಅಳಿಸುವುದು ಮೊದಲನೆಯದನ್ನು. ಆ ಪೆಟ್ಟಿಗೆಯ ತಳದಲ್ಲಿ ಸಣ್ಣಕ್ಷರದಲ್ಲಿ ಇದನ್ನೇ ಬರೆದಿರುತ್ತಾರೆ, ಔಷಧದ ಚೀಟಿಯಂತೆ ಅದನ್ನೂ ಯಾರೂ ಓದುವುದಿಲ್ಲ.

'ಮೈ ಆಕ್ಟಿವಿಟಿ' ಎಂದು ಹುಡುಕಿ, ನಿಮ್ಮ ಖಾತೆಯಿಂದಲೇ ಒಳಗೆ ಹೋಗಿ. ದಿನಾಂಕವಾರು ಪಟ್ಟಿ ಕಾಣುತ್ತದೆ. ಬೇಡವಾದದ್ದರ ಎದುರಿನ ಗುಣಿಸು ಗುರುತು ಒತ್ತಿದರೆ ಹೋಗುತ್ತದೆ. ಅಲ್ಲೇ ತಾನಾಗಿ ಅಳಿಸಿಹೋಗುವಂತೆ 3, 18 ಅಥವಾ 36 ತಿಂಗಳ ಅವಧಿ ಇಡಬಹುದು. 2020ರ ಜೂನ್ ನಂತರ ಮಾಡಿದ ಹೊಸ ಖಾತೆಗಳಿಗೆ 18 ತಿಂಗಳು ಮೊದಲೇ ಇಟ್ಟಿರುತ್ತಾರೆ. ಅದಕ್ಕಿಂತ ಹಳೆಯ ಖಾತೆಯಾದರೆ ನೀವೇ ಇಡಬೇಕು.

ಪದಪರೀಕ್ಷಕ | 11:02

ತಾಂತ್ರಿಕ ವಿಷಯ ನನಗೆ ತಿಳಿಯದು. ಆದರೆ ಇಷ್ಟು ಜನ ಕನ್ನಡಿಗರು ಸೇರಿ 'ಹಿಸ್ಟರಿ' ಎಂದು ಬರೆಯುವುದು ಕಣ್ಣಿಗೆ ಚುಚ್ಚುತ್ತದೆ. 'ಜಾಡು' ಎಂಬ ಎಷ್ಟು ಒಳ್ಳೆಯ ಪದವಿದೆ.

ಕುತರ್ಕಿ | 11:05

ಕನ್ನಡ ಕ್ರೋಮ್‌ನಲ್ಲಿ 'ಇತಿಹಾಸ' ಎಂದೇ ಹಾಕಿದ್ದಾರೆ. ನಾನು ರಾತ್ರಿ ಹನ್ನೆರಡಕ್ಕೆ ಹುಡುಕಿದ 'ಹಲಸಿನ ಬೀಜ ತಿಂದರೆ ಗ್ಯಾಸ್ ಆಗುತ್ತದೆಯೇ' ಎಂಬುದು ಇತಿಹಾಸವಂತೆ. ಹೊಯ್ಸಳರು ನಾಚಿಕೊಳ್ಳಬೇಕು.

ಪದಪರೀಕ್ಷಕ | 11:09

ಅದಕ್ಕೇ ಜಾಡು ಎಂದೆ. ಕಾಡಿನಲ್ಲಿ ಪ್ರಾಣಿ ನಡೆದುಹೋದ ಗುರುತು. ಇಲ್ಲಿ ಅರ್ಥವೂ ಸರಿಯಾಗಿ ಕೂರುತ್ತದೆ, ಬೇಟೆಗಾರನೂ ಇದ್ದಾನೆ.

ಬೆಣ್ಣೆದೋಸೆ ಸೈಬರ್ | 11:40

2004ರಿಂದ ದಾವಣಗೆರೆಯಲ್ಲಿ ಸೈಬರ್ ಅಂಗಡಿ ನಡೆಸುತ್ತಿದ್ದೇನೆ. ಈಗ ಹೆಸರಿಗೆ ಸೈಬರ್, ಕೆಲಸ ಝೆರಾಕ್ಸ್, ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು. ಈ ಹಿಸ್ಟರಿ ವಿಷಯದಲ್ಲಿ ನನ್ನಷ್ಟು ಅನುಭವಿಸಿದವರು ಕಡಿಮೆ.

ನಿಮಗೆಲ್ಲ ಗೊತ್ತಿಲ್ಲದ ಒಂದು ತಮಾಷೆ ಹೇಳುತ್ತೇನೆ. ನೀವು ಅಳಿಸಲು ಒದ್ದಾಡುತ್ತೀರಿ, ನಾನು ಉಳಿಸಲು ಒದ್ದಾಡಬೇಕು. 2011ರ ಸೈಬರ್ ಕೆಫೆ ನಿಯಮದ ಪ್ರಕಾರ ಬಂದವರ ಗುರುತಿನ ದಾಖಲೆ, ಬಂದ ಹೊತ್ತು, ಹೋದ ಹೊತ್ತು ಬರೆದ ಪುಸ್ತಕವನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಯಾವ ಯಂತ್ರದಿಂದ ಯಾವ ತಾಣ ನೋಡಿದರು ಎಂಬ ದಾಖಲೆಯೂ ಒಂದು ವರ್ಷ ಇರಬೇಕು. ಕ್ಯಾಬಿನ್ನಿನ ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು. ನಿಯಮ ಬಂದಾಗ ನಮ್ಮ ಅಂಗಡಿಯ ಪ್ಲೈವುಡ್ ಗೋಡೆಗಳನ್ನು ಬಡಗಿ ಕರೆಸಿ ಕೊಯ್ಯಿಸಿದೆ. ಮರುದಿನ ಬಂದ ಕಾಲೇಜು ಹುಡುಗರ ಮುಖ ನೋಡಬೇಕಿತ್ತು.

ಆ ದಾಖಲೆಯನ್ನು ಬೇರೆಯಾಗಿ ಇಟ್ಟುಕೊಳ್ಳುತ್ತೇನೆ. ಬ್ರೌಸರಿನೊಳಗೆ ಉಳಿದ ಹಿಸ್ಟರಿ, ಕುಕಿ, ಪಾಸ್‌ವರ್ಡ್ ಬೇರೆ. ಅದನ್ನು ರಾತ್ರಿ ಶಟರ್ ಎಳೆಯುವ ಮೊದಲು ಎಲ್ಲ ಯಂತ್ರದಲ್ಲೂ ಅಳಿಸುತ್ತೇನೆ. ಹಿಸ್ಟರಿಗಿಂತ ಅಪಾಯ ಡೌನ್‌ಲೋಡ್ಸ್ ಫೋಲ್ಡರ್. ಜನ ಆಧಾರ್ ಇಳಿಸಿ, ಪ್ರಿಂಟ್ ತೆಗೆದುಕೊಂಡು, ಐದು ರೂಪಾಯಿ ಚಿಲ್ಲರೆಗೆ ಜಗಳವಾಡಿ ಹೋಗುತ್ತಾರೆ. ಫೈಲ್ ನನ್ನ ಯಂತ್ರದಲ್ಲಿ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅರ್ಜಿ ತುಂಬಿಕೊಟ್ಟವನಿಗೆ ಅವೆರಡೂ ಗೊತ್ತಿರದೆ ಇರುತ್ತವೆಯೇ?

ಹೊರನಾಡ ಹುಡುಗ | 11:58

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಇದನ್ನು ಹೇಳಿತ್ತಲ್ಲವೇ? ಸೈಬರ್ ಕೆಫೆಯಲ್ಲಿ ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂದು. ಊರೆಲ್ಲ ಗದ್ದಲವಾಗಿ ಎರಡೇ ದಿನದಲ್ಲಿ ಆ ಪ್ರಕಟಣೆಯನ್ನೇ ಹಿಂದಕ್ಕೆ ತೆಗೆದುಕೊಂಡರು.

ಬೆಣ್ಣೆದೋಸೆ ಸೈಬರ್ | 12:03

ಹೌದು. ಆ ಎರಡು ದಿನ ಒಬ್ಬ ಗಿರಾಕಿಯೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸಲಹೆ ಸರಿಯಾಗಿಯೇ ಇತ್ತು, ಹೇಳಿದ ರೀತಿ ಹೆದರಿಸುವಂತಿತ್ತು.

ಹಳೇ ಕೀಬೋರ್ಡ್ | 12:10

ಸೈಬರ್ ಅಣ್ಣ ಹೇಳಿದ್ದು ದಂಡೆ ಅವರಿಗೂ ಅನ್ವಯಿಸುತ್ತದೆ. ಬ್ರೌಸರಿನಲ್ಲಿ 'ಡೌನ್‌ಲೋಡ್ ಹಿಸ್ಟರಿ' ಅಳಿಸಿದರೆ ಹೋಗುವುದು ಪಟ್ಟಿ ಮಾತ್ರ, ಫೈಲ್ ಹೋಗುವುದಿಲ್ಲ. ವರದಿಯ ಪಿಡಿಎಫ್ ಇಳಿಸಿದ್ದರೆ ಅದು ಫೋಲ್ಡರಿನಲ್ಲೇ ಇರುತ್ತದೆ. ಅಳಿಸಿದರೂ ರೀಸೈಕಲ್ ಬಿನ್‌ನಲ್ಲಿ. ವಿಂಡೋಸ್ 'ಇತ್ತೀಚಿನ ಫೈಲ್‌ಗಳು' ಎಂದು ಮುಂದೆಯೇ ತಂದು ತೋರಿಸುವುದೂ ಉಂಟು.

ಶರಾವತಿ ದಂಡೆ | 12:22

ವರದಿ ಅಣ್ಣನ ವಾಟ್ಸ್ಯಾಪ್‌ನಿಂದ ನನ್ನ ಫೋನಿಗೆ ಬಂದದ್ದು. ಕಂಪ್ಯೂಟರಿನಲ್ಲಿ ಇಲ್ಲ, ಈಗ ತಾನೇ ನೋಡಿದೆ. ಆ ಸಲಹೆಯ ಪಕ್ಕದಲ್ಲಿರುವುದು ಗಡಿಯಾರವೇ. ಸಂಜೆ ಅಪ್ಪ ತೋಟಕ್ಕೆ ಹೋದಾಗ ನೀವು ಹೇಳಿದ ಪುಟ ನೋಡುತ್ತೇನೆ. ಈಗ ಇಲ್ಲೇ ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದಾರೆ.

ಚಾಲಿ ಸುಲಿಯುವವ | 12:45

ನಿಮ್ಮ ತಂದೆಯವರು ಹುಷಾರಾಗಲಿ. ಅವರು ಯಾವ ಪುಟದಲ್ಲಿ ಧಾರಣೆ ನೋಡುತ್ತಾರೆ? ಅಷ್ಟು ಟೈಪ್ ಮಾಡುವುದೇಕೆ? ಕೃಷಿ ಮಾರಾಟ ವಾಹಿನಿಯ ಪುಟವನ್ನೇ ಕ್ರೋಮ್ ತೆರೆದ ಕೂಡಲೇ ಬರುವಂತೆ ಇಟ್ಟುಬಿಡಿ. ನಾನು ಹಾಗೇ ಇಟ್ಟಿದ್ದೇನೆ. ಎ ಕೂಡ ಬೇಡ, ಡಿ ಕೂಡ ಬೇಡ.

ಹಳೇ ಕೀಬೋರ್ಡ್ | 12:49

ಇಷ್ಟು ಸರಳ ಉಪಾಯ ನನಗೆ ಹೊಳೆಯಲಿಲ್ಲ.

ರಾಶಿ ಇಡಿ | 12:56

ಅಣ್ಣ, ಶಿವಮೊಗ್ಗದಲ್ಲಿ ರಾಶಿ ಅಡಿಕೆಯ ಧಾರಣೆ ಏನಾಗಬಹುದು ಈ ವಾರ? ಬೆಟ್ಟೆ ಅಡಿಕೆ ಇಟ್ಟುಕೊಳ್ಳಲೋ ಕೊಡಲೋ?

ಚಾಲಿ ಸುಲಿಯುವವ | 13:04

ಅಷ್ಟು ಗೊತ್ತಿದ್ದರೆ ನಾನೇಕೆ ಚಾಲಿ ಸುಲಿಯುತ್ತ ಕೂರುತ್ತಿದ್ದೆ? ಎಲೆಚುಕ್ಕಿ ರೋಗ ನಮ್ಮ ಕಡೆ ಮತ್ತೆ ಕಾಣಿಸಿದೆ, ಅದರ ಚಿಂತೆ ನನಗೆ.

ನಿರ್ವಾಹಕ | 13:10

ಅಡಿಕೆಗೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ.

ಅಕ್ಷರ ಪ್ರಿಯ | 13:30

ಇನ್ನೊಂದು ದಾರಿ. ಅಪ್ಪನಿಗೆ ಕನ್ನಡದಲ್ಲೇ ಟೈಪ್ ಮಾಡಲು ಕಲಿಸಿ. 'ಅಡಿ' ಎಂದು ಕನ್ನಡ ಅಕ್ಷರದಲ್ಲಿ ಒತ್ತಿದರೆ ಇಂಗ್ಲಿಷ್ ಕಾಯಿಲೆ ಏಕೆ ಬರುತ್ತದೆ? ನಮ್ಮ ತಂದೆ ಎಪ್ಪತ್ತರಲ್ಲಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತರು. ಈಗ ಮೊಮ್ಮಕ್ಕಳಿಗೆ ದಿನಾ ಒಂದು ಗಾದೆ ಕಳಿಸಿ ತಲೆ ತಿನ್ನುತ್ತಾರೆ.

ಪದಪರೀಕ್ಷಕ | 13:33

ಈ ಎಳೆಯಲ್ಲಿ ಇದುವರೆಗೆ ಬಂದ ಅತ್ಯುತ್ತಮ ಸಲಹೆ.

ಕುತರ್ಕಿ | 13:37

ಮನೆಯಲ್ಲಿ ಬಯಾಪ್ಸಿ ವರದಿ ಬಂದಿರುವಾಗ ಕೀಲಿಮಣೆ ಕಲಿಸಲು ಕೂರಬೇಕೇ? ನೀವಿಬ್ಬರೂ ಒಂದು ಸಲ ಹೊರಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬನ್ನಿ.

ತಲೆಬಿಸಿ ಅಳಿಯ | 14:15

ಎಲ್ಲದಕ್ಕೂ ಟಿಕ್ ಹಾಕಿ ಅಳಿಸಲು ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮಾವನ ಕಂಪ್ಯೂಟರ್ ನಿಧಾನವಾಗಿದೆ ಎಂದರು. ಅಳಿಯ ಇಂಜಿನಿಯರ್, ಸುಮ್ಮನಿರುವುದುಂಟೇ? ಎಲ್ಲ ಚೌಕಕ್ಕೂ ಟಿಕ್ ಹಾಕಿದೆ, 'ಎಲ್ಲ ಸಮಯ' ಎಂದೆ, ಒತ್ತಿದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರಲ್ಲಿ ಸೇರಿದ್ದವು. ವಿದ್ಯುತ್ ಬಿಲ್ಲಿನದು, ಪಿಂಚಣಿಯದು, ಅವರ ಯಕ್ಷಗಾನ ಬಳಗದ ಮೇಲ್ ಖಾತೆಯದು, ಒಂದೂ ಅವರಿಗೆ ಬಾಯಿಪಾಠ ಇರಲಿಲ್ಲ. ಕಂಪ್ಯೂಟರ್ ಅಷ್ಟೇ ನಿಧಾನವಾಗಿ ಉಳಿಯಿತು. ಮೂರು ವರ್ಷವಾಯಿತು, ಹಬ್ಬಕ್ಕೆ ಹೋದಾಗಲೆಲ್ಲ 'ನಮ್ಮ ಅಳಿಯಂದಿರು ಬಹಳ ಚೊಕ್ಕ ಮಾಡುತ್ತಾರೆ' ಎಂದು ಬಡಿಸುತ್ತ ಹೇಳುತ್ತಾರೆ.

ಒಂದೇ ಸಾಲು | 14:17

ಹೋಳಿಗೆಯ ಜೊತೆ ಉಪ್ಪಿನಕಾಯಿ.

ಬಿಡಿ ಪ್ರಶ್ನೆ | 14:50

ಹಿಸ್ಟರಿ, ಕ್ಯಾಶ್, ಕುಕಿ ಮೂರಕ್ಕೂ ವ್ಯತ್ಯಾಸ ಏನು? ಯಾರಾದರೂ ಅಜ್ಜಿಗೆ ಅರ್ಥವಾಗುವಂತೆ ಹೇಳಿ. ಅಜ್ಜಿ ನಾನೇ.

ಹಳೇ ಕೀಬೋರ್ಡ್ | 15:12

ಅಜ್ಜಿ, ಹಿಸ್ಟರಿ ಎಂದರೆ ನೀವು ಯಾರ ಮನೆಗೆ ಯಾವಾಗ ಹೋಗಿದ್ದಿರಿ ಎಂಬ ಪಟ್ಟಿ. ಕ್ಯಾಶ್ ಎಂದರೆ ಮುಂದಿನ ಸಲ ಬೇಗ ತೋರಿಸಲು ಪುಟದ ಚಿತ್ರಗಿತ್ರ ತಂದು ಮನೆಯಲ್ಲೇ ಇಟ್ಟುಕೊಳ್ಳುವುದು. ತಾಣದಲ್ಲಿ ಹೊಸ ಪ್ರಕಟಣೆ ಬಂದಿದ್ದರೂ ನಿಮಗೆ ಹಳೆಯದೇ ಕಾಣುತ್ತಿದ್ದರೆ ತಪ್ಪು ಇದರದೇ ಇರುತ್ತದೆ. ಕುಕಿ ಎಂದರೆ ಆ ಮನೆಯವರು ನಿಮ್ಮ ಕೈಗೆ ಕೊಟ್ಟ ಚೀಟಿ, ಮತ್ತೆ ಹೋದಾಗ ತೋರಿಸಿದರೆ 'ಓ, ನೀವಾ, ಬನ್ನಿ' ಎನ್ನುತ್ತಾರೆ. ಅದನ್ನು ಅಳಿಸಿದರೆ ಎಲ್ಲ ಕಡೆಯೂ ಹೊಸದಾಗಿ ಲಾಗಿನ್ ಆಗಬೇಕು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲ್ಲಿ ಇದನ್ನು ತಂದದ್ದು. ಖರೀದಿಯ ಬುಟ್ಟಿ ಯಾರದು ಎಂದು ನೆನಪಿಡಲು ಬಂದ ಚೀಟಿ, ಈಗ ಊರೂರು ಬೆನ್ನು ಹತ್ತುತ್ತದೆ.

ಬಿಡಿ ಪ್ರಶ್ನೆ | 15:15

ಅರ್ಥವಾಯಿತು ಮಗು. ದೇವರು ಒಳ್ಳೆಯದು ಮಾಡಲಿ.

ಎಲ್ಲ ಗೊತ್ತು | 15:40

ಇದೆಲ್ಲ ವ್ಯರ್ಥ. ನೀವು ಏನೇ ಅಳಿಸಿ, ಇಂಟರ್ನೆಟ್ ಕೊಡುವ ಕಂಪನಿಯ ಬಳಿ ಎಲ್ಲ ಇರುತ್ತದೆ. ಇನ್‌ಕಾಗ್ನಿಟೊ ಎಂಬುದೇ ದೊಡ್ಡ ಮೋಸ. ಕೇಸು ಆಗಿ ಗೂಗಲ್ ಸೋತಿದೆ.

ಹೊರನಾಡ ಹುಡುಗ | 16:02

ಅರ್ಧ ಸರಿ, ಅರ್ಧ ತಪ್ಪು. ಇನ್‌ಕಾಗ್ನಿಟೊ ಕ್ರೋಮ್ ಜೊತೆಗೇ 2008ರಲ್ಲಿ ಬಂತು. ಅದು ಮಾಡುವುದು ಇಷ್ಟೇ, ಕಿಟಕಿ ಮುಚ್ಚಿದ ಮೇಲೆ ನಿಮ್ಮ ಯಂತ್ರದಲ್ಲಿ ಗುರುತು ಬಿಡುವುದಿಲ್ಲ. ಮನೆಯವರಿಂದ ಮರೆ, ಜಗತ್ತಿನಿಂದ ಅಲ್ಲ. ಕೇಸು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಹೂಡಿದ್ದು. ಗೂಗಲ್ ಸೋಲಲಿಲ್ಲ, ರಾಜಿಯಾಯಿತು. 2024ರಲ್ಲಿ ಹೊರಬಂದ ರಾಜಿಯ ಪ್ರಕಾರ ಕೋಟ್ಯಂತರ ದಾಖಲೆಗಳನ್ನು ನಾಶ ಮಾಡಲು ಒಪ್ಪಿದರು. ಅದೇ ವರ್ಷ ಇನ್‌ಕಾಗ್ನಿಟೊ ತೆರೆದಾಗ ಕಾಣುವ ಎಚ್ಚರಿಕೆಯ ಮಾತನ್ನೂ ಬದಲಿಸಿದರು.

ಇಂಟರ್ನೆಟ್ ಕಂಪನಿಯ ವಿಷಯ ನಿಜ. ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಪರವಾನಗಿ ಷರತ್ತಿಗೆ ತಿದ್ದುಪಡಿ ತಂದು, ಸಂಪರ್ಕದ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕು ಎಂದಿತು. ಆದರೆ ಅಡ್ರೆಸ್ ಬಾರ್‌ನಲ್ಲಿ ಎಚ್‌ಟಿಟಿಪಿಎಸ್ ಎಂದಿದ್ದರೆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆ, ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಅವರಿಗೆ ತಿಳಿಯಬಹುದೇ ಹೊರತು ಅಲ್ಲಿ ಯಾವ ಪದ ಹುಡುಕಿದಿರಿ ಎಂಬುದಲ್ಲ.

ಎಲ್ಲ ಗೊತ್ತು | 16:05

ನಾನು ಹೇಳಿದ್ದೂ ಅದನ್ನೇ.

ಕುತರ್ಕಿ | 16:06

ಅಲ್ಲ.

ಫೈಲ್ ಅಗೆಯುವವ | 16:48

ಎಲ್ಲರೂ ಅಳಿಸುವುದು, ಅಳಿಸುವುದು ಎನ್ನುತ್ತೀರಿ. ಕ್ರೋಮ್‌ನ ಹಿಸ್ಟರಿ ಒಂದು ಎಸ್‌ಕ್ಯೂಎಲೈಟ್ ಫೈಲ್, ಎಂದರೆ ಸಾಲುಸಾಲಾಗಿ ಮಾಹಿತಿ ತುಂಬಿದ ಕೋಷ್ಟಕ. ಫೈರ್‌ಫಾಕ್ಸ್‌ನದೂ ಹಾಗೇ. ಇಂತಹ ಫೈಲಿನಲ್ಲಿ ಅಳಿಸಿದ ಸಾಲಿನ ಜಾಗವನ್ನು 'ಖಾಲಿ ಇದೆ' ಎಂದು ಗುರುತು ಮಾಡಿ ಬಿಡುವುದೂ ಉಂಟು. ಬೇರೊಂದು ಸಾಲು ಬಂದು ಕೂರುವವರೆಗೆ ಹಳೆಯದರ ಚೂರು ಅಲ್ಲೇ ಇರಬಹುದು. ವಿಧಿವಿಜ್ಞಾನದವರು ಅದನ್ನೇ ಅಗೆಯುವುದು.

ಇನ್ನೊಂದು ಸ್ವಾರಸ್ಯ. ಆ ಫೈಲ್ ತೆರೆದರೆ ನೀವು ಪುಟ ನೋಡಿದ ಹೊತ್ತು ಉದ್ದದ ಸಂಖ್ಯೆಯಾಗಿ ಕಾಣುತ್ತದೆ. 1601ರ ಜನವರಿ 1ರಿಂದ ಎಷ್ಟು ಮೈಕ್ರೊಸೆಕೆಂಡ್ ಕಳೆಯಿತು ಎಂಬ ಲೆಕ್ಕ ಅದು. ನೀವು ನಿನ್ನೆ ಕ್ರಿಕೆಟ್ ಸ್ಕೋರ್ ನೋಡಿದ್ದನ್ನು ಕ್ರೋಮ್ 1601ರಿಂದ ಎಣಿಸುತ್ತದೆ.

ಪದಪರೀಕ್ಷಕ | 16:52

1601! ಹಾಗಾದರೆ 'ಇತಿಹಾಸ' ಎಂದದ್ದು ಪೂರ್ತಿ ತಪ್ಪಲ್ಲ.

ಕುತರ್ಕಿ | 16:53

ಈ ದಿನವನ್ನು ದಾಖಲಿಸಿಕೊಳ್ಳಿ, ಪದಪರೀಕ್ಷಕರು ಒಂದು ಮೆಟ್ಟಿಲು ಇಳಿದರು.

ವಾರ್ಡ್ 9 | 18:20

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು. ನಿಮ್ಮ ಕಂಪ್ಯೂಟರಿನ ಮಾತು ನನಗೆ ಅರ್ಧ ಅರ್ಥವಾಗಲಿಲ್ಲ, ಆದರೆ ಒಂದು ಮಾತು ಹೇಳದೆ ಇರಲಾರೆ. ದಂಡೆ, ನಿಮ್ಮನ್ನು ತಂಗಿ ಎನ್ನಬಹುದಲ್ಲವೇ?

ವಾರ್ಡಿನಲ್ಲಿ ದಿನಾ ನೋಡುತ್ತಿದ್ದೆ. ಮಗ ನನ್ನನ್ನು ಮೂಲೆಗೆ ಕರೆದು 'ಸಿಸ್ಟರ್, ಅಪ್ಪನಿಗೆ ಕಾಯಿಲೆಯ ಹೆಸರು ಹೇಳಬೇಡಿ' ಎನ್ನುತ್ತಿದ್ದ. ಅತ್ತ ಹೋಗಿ ನಾನು ಡ್ರಿಪ್ ಬದಲಿಸುವಾಗ ಅಪ್ಪ ಮೆಲ್ಲಗೆ 'ನನಗೆ ಗೊತ್ತಿದೆ ಎಂದು ಅವನಿಗೆ ಹೇಳಬೇಡಮ್ಮ' ಎನ್ನುತ್ತಿದ್ದರು. ನಾನು ಇಬ್ಬರಿಗೂ ಹೂಂ ಎನ್ನುತ್ತಿದ್ದೆ. ಕೇಸ್ ಶೀಟನ್ನು ಕಾಲ ಬಳಿ ನೇತುಹಾಕಿರುತ್ತೇವೆ, ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವರು ಅದನ್ನು ಓದದೆ ಬಿಡುತ್ತಾರೆಯೇ? ಹೇಳಲೇಬೇಕು ಎಂದು ನಾನು ಹೇಳುತ್ತಿಲ್ಲ. ಸ್ಕ್ಯಾನ್‌ವರೆಗೆ ಕಾಯುವುದರಲ್ಲಿ ಒಂದು ಲೆಕ್ಕವಿದೆ. ಆದರೆ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ದೊಡ್ಡ ಕರುಳಿನದು ಬೇಗ ಸಿಕ್ಕಿದ್ದರೆ ಆಪರೇಷನ್ ಆಗಿ ಚೆನ್ನಾಗಿರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎಲ್ಲ ಗೊತ್ತು | 18:31

ಹೇಳಿದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ನಮ್ಮ ಚಿಕ್ಕಪ್ಪನಿಗೆ ಹೇಳಿದ ಮಾರನೇ ದಿನವೇ ಊಟ ಬಿಟ್ಟರು.

ವಾರ್ಡ್ 9 | 18:36

ಯಾರು ಹೇಳಿದರು, ಹೇಗೆ ಹೇಳಿದರು ಎಂಬುದೂ ಇರುತ್ತದೆ ಅಣ್ಣ.

ಎಲ್ಲ ಗೊತ್ತು | 18:52

ಪಕ್ಕದ ಮನೆಯವರು ನೋಡಲು ಬಂದವರು ಬಾಯಿ ಬಿಟ್ಟರು. ನಾವು ಹೇಳಿರಲಿಲ್ಲ.

ಶರಾವತಿ ದಂಡೆ | ಮಂಗಳವಾರ, ಬೆಳಿಗ್ಗೆ 6:40

ನಿನ್ನೆ ಸಂಜೆ ಮೈ ಆಕ್ಟಿವಿಟಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಆ ಪದ ಹಾಕಿ, ಬಂದದ್ದನ್ನೆಲ್ಲ ಒಂದೇ ಸಲ ಅಳಿಸಿದೆ. ರಾತ್ರಿ ಹತ್ತಕ್ಕೆ 'ಎ, ಡಿ' ಒತ್ತಿದರೆ ಆ ಪದ ಇಲ್ಲ. ಬೆಳಿಗ್ಗೆ ಐದೂವರೆಗೆ ಅಪ್ಪ ಏಳುವ ಮೊದಲು ನೋಡೋಣ ಎಂದು ಒತ್ತಿದೆ. ಗಡಿಯಾರದ ಗುರುತಿನ ಜೊತೆ ಮತ್ತೆ ಬಂದಿದೆ! ರಾತ್ರಿ ಕಂಪ್ಯೂಟರನ್ನು ನಾನೇ ಬಂದ್ ಮಾಡಿ ಮಲಗಿದ್ದೆ. ಇದು ಹೇಗೆ ಸಾಧ್ಯ?

ಒಂದೇ ಸಾಲು | 6:58

ವೈರಸ್.

ಹಳೇ ಕೀಬೋರ್ಡ್ | 7:20

ವೈರಸ್ ಅಲ್ಲ. ಖಾತೆಯಿಂದ ಅಳಿಸಿದ್ದು ತಾನಾಗಿ ಹುಟ್ಟುವುದಿಲ್ಲ. ಅದೇ ಖಾತೆ ಬೇರೆ ಯಾವುದಾದರೂ ಫೋನಿನಲ್ಲೋ ಟ್ಯಾಬ್‌ನಲ್ಲೋ ಇದೆಯೇ? ಅಲ್ಲಿ ಯಾರಾದರೂ ಹುಡುಕಿದರೆ ಇಲ್ಲಿ ಗಡಿಯಾರದ ಗುರುತಿನೊಂದಿಗೆ ಬರುತ್ತದೆ. ಫೋನಿನ ಗೂಗಲ್ ಆ್ಯಪ್‌ನಲ್ಲಿ ಹುಡುಕಿದರೆ ಕ್ರೋಮ್‌ನ ಹಿಸ್ಟರಿ ಪುಟದಲ್ಲಿ ಕಾಣುವುದೂ ಇಲ್ಲ. ನಿಮ್ಮ ಹಿಸ್ಟರಿ ಖಾಲಿ ಇದ್ದದ್ದಕ್ಕೂ ಅದೇ ಕಾರಣ ಇರಬೇಕು. ಮೈ ಆಕ್ಟಿವಿಟಿಯಲ್ಲಿ ಆ ಸಾಲಿನ 'ವಿವರ' ಒತ್ತಿ, ಎಷ್ಟು ಹೊತ್ತಿಗೆ, ಯಾವ ಬಗೆಯ ಸಾಧನದಿಂದ ಎಂದು ನೋಡಿ.

ಶರಾವತಿ ದಂಡೆ | 7:24

ನನ್ನ ಫೋನಿನಲ್ಲಿ ಇರುವುದು ಆಫೀಸಿನ ಖಾತೆ, ಬೇರೆ. ಅಣ್ಣನ ಮನೆಯಲ್ಲಿ ನನ್ನದು ಯಾವುದೂ ಇಲ್ಲ. ನೋಡಿ ಹೇಳುತ್ತೇನೆ.

ತಲೆಬಿಸಿ ಅಳಿಯ | 9:45

ಏನಾಯಿತು?

ರಾಶಿ ಇಡಿ | 11:30

ನಾನೂ ಕಾಯುತ್ತಿದ್ದೇನೆ.

ಶರಾವತಿ ದಂಡೆ | ರಾತ್ರಿ 9:50

ಅಪ್ಪನ ಫೋನ್.

ಎರಡು ವರ್ಷದ ಹಿಂದೆ ಅವರಿಗೆ ಆ್ಯಂಡ್ರಾಯ್ಡ್ ಫೋನ್ ತಂದುಕೊಟ್ಟಾಗ ಪ್ಲೇ ಸ್ಟೋರ್‌ಗೆ ಐಡಿ ಕೇಳಿತು. ಅವರಿಗೆ ಮೇಲ್ ಇರಲಿಲ್ಲ. ನನ್ನದೇ ಹಾಕಿ ಕೊಟ್ಟಿದ್ದೆ, ಮರೆತೂ ಹೋಗಿತ್ತು.

ಪಟ್ಟಿಯಲ್ಲಿ ನನ್ನ ಹುಡುಕಾಟಗಳ ನಡುನಡುವೆ ಅವರದು. ಬೆಳಗಿನ ಜಾವ 4:10, 3:35, ಒಂದು ದಿನ 2:50. ಆ ಪದ ಇಂಗ್ಲಿಷ್‌ನಲ್ಲಿ, ಕಾಗುಣಿತ ಒಂದಿಷ್ಟೂ ತಪ್ಪಿಲ್ಲ. ಅದರ ಕೆಳಗೆ ಕನ್ನಡದಲ್ಲಿ, ಮೈಕ್ ಒತ್ತಿ ಮಾತಾಡಿರಬೇಕು, 'ಕರುಳಿನ ಆಪರೇಷನ್ ಆದ ಮೇಲೆ ಎಷ್ಟು ದಿನಕ್ಕೆ ತೋಟಕ್ಕೆ ಇಳಿಯಬಹುದು'. ಅದರ ಕೆಳಗೆ 'ಚಾಲಿ ಅಡಿಕೆ ಧಾರಣೆ ಇಂದು ಸಾಗರ'. ಮತ್ತೆ ಆ ಪದ.

ನಿನ್ನೆ ಅಳಿಸುವಾಗ ದಿನಾಂಕ, ಹೊತ್ತು ನೋಡಿರಲಿಲ್ಲ, ಎಲ್ಲ ನನ್ನವೇ ಎಂದುಕೊಂಡು ತೆಗೆದೆ. ಆದರೆ ಅವರು ಲ್ಯಾಬಿನ ಹೆಸರು ಹಾಕಿ 'ವರದಿ ತೆರೆಯುವುದು ಹೇಗೆ' ಎಂದು ಕೇಳಿದ್ದು ಉಳಿದಿತ್ತು. ವರದಿ ಬಂದ ದಿನ ಮಧ್ಯಾಹ್ನ 12:40ಕ್ಕೆ. ಲ್ಯಾಬಿನವರು ರೋಗಿಯ ಮೊಬೈಲಿಗೇ ಲಿಂಕ್ ಕಳಿಸುತ್ತಾರೆ ಎಂಬುದು ನಮ್ಮ ಯಾರ ತಲೆಗೂ ಹೋಗಿರಲಿಲ್ಲ. ಅಣ್ಣ ಕೌಂಟರಿನಿಂದ ಕಾಗದ ತಂದದ್ದು ಸಂಜೆ ಐದಕ್ಕೆ.

ವಾರ್ಡ್ 9 | 9:58

ಅಯ್ಯೋ ತಂಗಿ.

ಹಳೇ ಕೀಬೋರ್ಡ್ | 10:04

ನನ್ನ ಬಳಿ ಇದಕ್ಕೆ ಉತ್ತರ ಇಲ್ಲ. ಕ್ಷಮಿಸಿ.

ಕುತರ್ಕಿ | 10:15

ಕಟುವಾಗಿ ಅನ್ನಿಸಬಹುದು, ಆದರೂ ಹೇಳುತ್ತೇನೆ. ಅವರು ಬೆಳಗಿನ ಜಾವ ಒಬ್ಬರೇ ಕುಳಿತು ಕೇಳಿದ್ದನ್ನು ನೀವು ಓದಿದಿರಿ. ತಪ್ಪು ನಿಮ್ಮದಲ್ಲ, ಒಂದೇ ಐಡಿಯದು. ಅವರಿಗೆ ಅವರದೇ ಖಾತೆ ಮಾಡಿಕೊಡಿ. ಹಳೆಯದನ್ನು ಫೋನಿನಿಂದ ತೆಗೆಯುವ ಮೊದಲು ಫೋಟೊ, ಸಂಪರ್ಕ ಸಂಖ್ಯೆಗಳನ್ನು ಹೊಸದಕ್ಕೆ ಸೇರಿಸಿ, ಇಲ್ಲವಾದರೆ ಅಳಿಯನ ಕಥೆಯಾಗುತ್ತದೆ.

ತಲೆಬಿಸಿ ಅಳಿಯ | 10:17

ಕುತರ್ಕಿಯವರ ಮಾತು ಮೊದಲ ಬಾರಿಗೆ ಒಪ್ಪಿದೆ.

ಶರಾವತಿ ದಂಡೆ | ಬುಧವಾರ, ಬೆಳಿಗ್ಗೆ 8:35

ಖಾತೆಯನ್ನು ಈ ಭಾನುವಾರ ಅವರ ಜೊತೆ ಕುಳಿತೇ ಮಾಡುತ್ತೇನೆ.

ಉಳಿದದ್ದನ್ನು ಅಳಿಸಿಲ್ಲ. ಇವತ್ತು ಬೆಳಿಗ್ಗೆ ಅವರು ಧಾರಣೆ ನೋಡಲು ಕುಳಿತಾಗ ನಾನು ಹಿಂದೆ ಬಟ್ಟೆ ಮಡಚುತ್ತಿದ್ದೆ. ಎ ಒತ್ತಿದರು, ಡಿ ಒತ್ತಿದರು. ಆ ಪದ ಮೇಲೆ ಬಂತು. ಅಪ್ಪ ಬಲಗೈಯ ತೋರುಬೆರಳಿನಲ್ಲಿ ಕೆಳಬಾಣದ ಕೀಲಿಯನ್ನು ಎರಡು ಸಲ ಒತ್ತಿ ಅದನ್ನು ದಾಟಿ, ಅಡಿಕೆ ಧಾರಣೆಯ ಮೇಲೆ ನಿಂತು, ಎಂಟರ್ ಹೊಡೆದರು. ಪರದೆ ನೋಡದೆಯೇ ಒತ್ತಿದರು. ಎ, ಡಿ ಹುಡುಕಲು ಇನ್ನೂ ಕೀಲಿಮಣೆಯ ಮೇಲೆ ಬಗ್ಗುವವರಿಗೆ ಆ ಎರಡು ಸಲ ಮಾತ್ರ ರೂಢಿಯಾಗಿಬಿಟ್ಟಿದೆ.

ಆಮೇಲೆ ನನ್ನ ಕಡೆ ತಿರುಗದೆಯೇ 'ಚಾಲಿ ಸ್ವಲ್ಪ ಏರಿದೆ' ಎಂದರು. ನಾನು 'ಶುಕ್ರವಾರ ಸ್ಕ್ಯಾನ್‌ಗೆ ನಾನೂ ಬರುತ್ತೇನೆ' ಎಂದೆ. 'ಬಾ, ಆ ವರದಿಯ ಕಾಗದವನ್ನೂ ಹಿಡಿದುಕೊಂಡು ಬಾ' ಎಂದರು.

ವಾರ್ಡ್ 9 | 8:52

ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಅವರೇ ಬರೆದುಕೊಳ್ಳಲಿ. ಡಾಕ್ಟರ ಎದುರು ಕುಳಿತಾಗ ಅವರೇ ಕೇಳಲಿ, ನೀವೂ ಅಣ್ಣನೂ ಬಾಯಿ ಹಾಕಬೇಡಿ. ತೋಟಕ್ಕೆ ಇಳಿಯುವ ಪ್ರಶ್ನೆಯನ್ನು ಮರೆಯದೆ ಕೇಳಲಿ, ಅದಕ್ಕೆ ಸರಿಯಾದ ಉತ್ತರ ಇದೆ.

ಚಾಲಿ ಸುಲಿಯುವವ | 9:10

ಸಾಗರದಲ್ಲಿ ಏರಿರುವುದು ನಿಜ. ಹೇಳಿಬಿಡಿ ಅವರಿಗೆ, ಇನ್ನೂ ಸ್ವಲ್ಪ ಕಾಯಲಿ.

ನಿರ್ವಾಹಕ | 9:12

ಇದೊಂದು ಸಲ ಬಿಟ್ಟಿದ್ದೇನೆ.

ಹೊಸಬ | 13:25

ನಮಸ್ಕಾರ, ಮೇಲಿನದೆಲ್ಲ ಓದಲು ಆಗಲಿಲ್ಲ, ಉದ್ದ ಇದೆ. ಫೈರ್‌ಫಾಕ್ಸ್‌ನಲ್ಲಿ ಒಂದೇ ಒಂದು ತಾಣದ ಹಿಸ್ಟರಿ ಅಳಿಸುವುದು ಹೇಗೆ?

ಹಳೇ ಕೀಬೋರ್ಡ್ | 13:31

ಹಿಸ್ಟರಿ ಪಟ್ಟಿ ತೆರೆದು ಆ ತಾಣದ ಮೇಲೆ ಬಲಗುಂಡಿ ಒತ್ತಿ. 'ಈ ತಾಣವನ್ನು ಮರೆತುಬಿಡು' ಎಂಬ ಅರ್ಥದ ಆಯ್ಕೆ ಬರುತ್ತದೆ. ಅದರ ಕುಕಿ, ಕ್ಯಾಶ್ ಕೂಡ ಒಟ್ಟಿಗೆ ಹೋಗುತ್ತವೆ, ನೋಡಿಕೊಂಡು ಒತ್ತಿ.